ಸ್ಪೀಡ್ ಏರಿಸದೆ, ದರ ಇಳಿಸದೆ ಗಿರಾಕಿ ಉಳಿಸಿದ್ದು: ಬದಿಯಡ್ಕ ಕಡೆಯ ಫೈಬರ್‌ನವನ ಅನುಭವ

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಸುತ್ತ ಸುಮಾರು 400 ಮನೆಗೆ ಫೈಬರ್ ನೆಟ್. ಮೊದಲು ಕೇಬಲ್ ಟಿವಿ, ಈಗ ಇಂಟರ್ನೆಟ್ ಕಂಪನಿಯ ಫ್ರಾಂಚೈಸಿ. ಒಂದು ಮಳೆಗಾಲದಲ್ಲಿ ನಲವತ್ತರ ಹತ್ತಿರ ಕನೆಕ್ಷನ್ ಹೋದವು. ಹೋದ ಮಳೆಗಾಲದಲ್ಲಿ ಬಿಟ್ಟವರು ಐದಾರು ಮನೆ, ಅದರಲ್ಲೂ ಎರಡು ಮನೆಯವರು ಊರೇ ಬಿಟ್ಟು ಹೋದವರು. ಗಿರಾಕಿಗೆ ನಿಜವಾಗಿ ಎಲ್ಲಿ ತೊಂದರೆ ಅಂತ ಅವರನ್ನೇ ಕೇಳಿ ತಿಳಿಯುವ ಕೆಲಸ ಶುರು ಮಾಡಿದಾಗ ಪಕ್ಕದ ಪಂಚಾಯತ್‌ನ ಆಪರೇಟರ್‌ಗಳು ನಗಾಡಿದ್ದರು. "ಜನಕ್ಕೆ ಕಾಣುವುದು ಎರಡೇ ಮಾರಾಯ್ರೇ, ಎಂಬಿಪಿಎಸ್ ಮತ್ತು ರೂಪಾಯಿ" ಅಂತ.

ಮೊದಲು ಫಾರಂ ಅಚ್ಚು ಹಾಕಿಸಿದೆ. ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು. ಮೂರು ಸಾವಿರ ಆಯಿತು. ಒಂದರಿಂದ ಐದು ಅಂಕ ಕೊಡಿ ಅಂದರೆ ಎಲ್ಲರೂ ಐದೇ ಕೊಟ್ಟರು. ಬಿಲ್ ಕೇಳಲು ಬಂದ ಹುಡುಗನ ಎದುರಲ್ಲಿ ಯಾರು ಒಂದು ಅಂಕ ಬರೀತಾರೆ? ಐದು ಕೊಟ್ಟ ಒಬ್ಬರು ಮುಂದಿನ ತಿಂಗಳೇ ಲೈನ್ ತೆಗೆಸಿದರು. ಆಮೇಲೆ ಫೋನ್ ಮಾಡಿ ಕೇಳಿದೆವು. ಹೆಚ್ಚಿನವರ ಉತ್ತರ "ಸ್ವಲ್ಪ ಸ್ಲೋ ಉಂಟು". ಅವರ ಮನೆಗೆ ಹೋಗಿ ಸ್ಪೀಡ್ ಟೆಸ್ಟ್ ಹಾಕಿದರೆ ಪ್ಲಾನಿನಷ್ಟೂ ಬರ್ತಾ ಇದೆ! ಇರಲಿ ಅಂತ ಮೇಲಿನಿಂದ ಬ್ಯಾಂಡ್‌ವಿಡ್ತ್ ಜಾಸ್ತಿ ತೆಗೆದುಕೊಂಡೆ. ತಿಂಗಳಿಗೆ ಹದಿನೈದು ಸಾವಿರ ಹೆಚ್ಚು, ಆರೇಳು ತಿಂಗಳು. ದೂರು ಒಂದು ಚೂರೂ ಕಮ್ಮಿ ಆಗಲಿಲ್ಲ.

ಕೊನೆಗೆ ಪ್ರಶ್ನೆಯನ್ನೇ ಬದಲಿಸಿದೆ. ನೆಟ್ ಹೇಗುಂಟು ಅಂತ ಕೇಳುವುದನ್ನು ಬಿಟ್ಟೆ. "ಕೊನೆಯ ಸಲ ನೆಟ್‌ಗೆ ಬೈದದ್ದು ಯಾವಾಗ? ಆಗ ಏನು ಮಾಡ್ತಾ ಇದ್ರಿ?" ಅಂತ ಕೇಳತೊಡಗಿದೆ. ಬೈದದ್ದನ್ನು ಯಾರೂ ಮರೆಯುವುದಿಲ್ಲ, ಅಲ್ವಾ? ಗಂಟೆ, ಕೆಲಸ, ಯಾವ ಕೋಣೆ, ಆಚೆ ಬದಿಯಲ್ಲಿ ಯಾರಿದ್ದರು, ಇಷ್ಟನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ರಾತ್ರಿ ಕೂತು ಅದೇ ಗಂಟೆಯ ಪಿಂಗ್ ಲಾಗ್ (ಡೇಟಾ ಹೋಗಿ ಬರಲು ಹಿಡಿದ ಹೊತ್ತಿನ ದಾಖಲೆ), ಒಎನ್‌ಯುಗೆ (ಮನೆಯ ಫೈಬರ್ ಪೆಟ್ಟಿಗೆಗೆ) ಬರುವ ಬೆಳಕಿನ ಪವರ್ ಪಕ್ಕದಲ್ಲಿಟ್ಟು ನೋಡಿದೆ. ಇನ್ನೂ ಎರಡು ಪ್ರಶ್ನೆ ಉಂಟು, ಅದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು.

ಪುಸ್ತಕ ತುಂಬುತ್ತಾ ಬಂದ ಹಾಗೆ ವಿಷಯ ಬಿಚ್ಚಿಕೊಂಡಿತು. ಅತಿ ಹೆಚ್ಚು ಬೈಗುಳ ರಾತ್ರಿ ಒಂಬತ್ತರಿಂದ ಹತ್ತೂವರೆಗೆ, ಗಲ್ಫ್ ಕಾಲ್ ಹೊತ್ತಿಗೆ. ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಕೆಲಸ ಬಿಟ್ಟು, ಊಟಕ್ಕೆ ಕೂರುವಾಗ ಮನೆಗೆ ಕಾಲ್ ಬರ್ತದೆ. ಅದೇ ಹೊತ್ತಿಗೆ ಇಲ್ಲಿ ಮಗನ ಫೋನ್‌ನಿಂದ ಫೋಟೊ ಬ್ಯಾಕಪ್ ಹೋಗ್ತಾ ಇರ್ತದೆ. ಅಪ್‌ಲೋಡ್ ತುಂಬಿ ಪಿಂಗ್ 300 ಮಿಲಿಸೆಕೆಂಡ್ ದಾಟುತ್ತದೆ, ಕಾಲ್ ತಡೆದು ತಡೆದು ಬರ್ತದೆ. ಡೌನ್‌ಲೋಡ್ ಮಾತ್ರ ಚೆನ್ನಾಗಿಯೇ ಇರ್ತದೆ. ಮೈಕ್ರೋಟಿಕ್ ಕಂಪನಿಯ ರೂಟರ್ ಸಾಫ್ಟ್‌ವೇರ್ ರೂಟರ್‌ಓಎಸ್ 7ರಲ್ಲಿ ಕೇಕ್ ಕ್ಯೂ ಬಂದಿದೆಯಲ್ಲ, ಒಂದರ ಟ್ರಾಫಿಕ್ ಇನ್ನೊಂದನ್ನು ಕಾಯಿಸದ ಹಾಗೆ ಸರದಿ ನೋಡಿಕೊಳ್ಳುವಂಥದ್ದು, ಅದನ್ನು ಹಾಕಿದೆ. ಸ್ಪೀಡನ್ನು ಪ್ಲಾನಿಗಿಂತ ಎಷ್ಟು ಕೆಳಗೆ ಹಿಡಿದಿಡಬೇಕು ಅನ್ನುವುದರಲ್ಲೇ ಗುಟ್ಟು. ಲೋಡ್ ಇರುವಾಗಲೂ ಈಗ ಪಿಂಗ್ 40ರ ಆಸುಪಾಸು.

ಕೆಲವು ದೂರಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಯುಎಇಯಲ್ಲಿ ವಾಟ್ಸಾಪ್ ಕಾಲ್ ನಡೆಯದು, ಅಲ್ಲಿನ ನಿಯಮ. ಅಲ್ಲಿ ನಡೆಯುವ ಕಾಲ್ ಆ್ಯಪ್ ಬೋಟಿಮ್. "ಬೋಟಿಮ್ ಹಾಕಿಸಿ ಅಕ್ಕ" ಅಂದರೆ ಮುಗಿಯಿತು. ಅಷ್ಟರವರೆಗೆ ಬೈಗುಳ ತಿಂದದ್ದು ಮಾತ್ರ ನಾವು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಮನೆಯ ಲೈನಿನ ನಡುವೆ ಕೂರಿಸಿ, ನೆಟ್‌ಎಮ್ ಅನ್ನುವ ಲಿನಕ್ಸ್ ಸಾಧನದಿಂದ ಬೇಕೆಂದೇ ಲೈನ್ ಕೆಡಿಸಿದೆ. ಆಚೆ ಶಾರ್ಜಾದಲ್ಲಿ ಚಿಕ್ಕಮ್ಮನ ಮಗ, ಈಚೆ ಚಿಕ್ಕಮ್ಮ. ಅವರಿಗೆ ಏನೂ ಹೇಳಿರಲಿಲ್ಲ. ನೂರು ಮಿಲಿಸೆಕೆಂಡ್ ತಡ ಸೇರಿಸಿದರೆ ಗೊತ್ತೇ ಆಗಲಿಲ್ಲ. ಮುನ್ನೂರು ಸೇರಿಸಿದಾಗ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾದರು. ನೂರಕ್ಕೆ ಎರಡು ಪ್ಯಾಕೆಟ್ (ಡೇಟಾದ ತುಂಡು) ಬೀಳಿಸಿದಾಗ ಮಾತು ಸರಿಯೇ ಇತ್ತು, ವಿಡಿಯೊ ಮಾತ್ರ ಚೌಕ ಚೌಕ. ಜಿಟ್ಟರ್, ಅಂದರೆ ತಡ ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ ಆಗುವುದು, ಅದನ್ನು ಏರಿಸಿದ್ದೇ ತಡ, "ಇವನ ನೆಟ್ ಉಪಯೋಗವಿಲ್ಲ" ಅಂತ ಫೋನ್ ಇಟ್ಟರು. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಜಿ.114 ಶಿಫಾರಸು ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ತನಕ ಅಡ್ಡಿಯಿಲ್ಲ, 400 ದಾಟಬಾರದು ಅನ್ನುತ್ತದೆ. ಚಿಕ್ಕಮ್ಮನ ಕಿವಿಯೂ ಹೆಚ್ಚುಕಮ್ಮಿ ಅದನ್ನೇ ಹೇಳಿತು.

ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಸೆಂಟರ್‌ನವರ ಲೆಕ್ಕವೇ ಬೇರೆ. ಅವರಿಗೆ 20 ಎಂಬಿಪಿಎಸ್ ಧಾರಾಳ ಸಾಕು. ಆದರೆ ಬೆಳಿಗ್ಗೆ ಹತ್ತರಿಂದ ಒಂದರ ತನಕ ಕಟ್ ಆಗಬಾರದು, ಎದುರಲ್ಲಿ ಜನ ನಿಂತಿರ್ತಾರೆ. ಇನ್ನೊಂದು ರಸ್ತೆಯಿಂದ ಎರಡನೇ ಫೈಬರ್ ಎಳೆದೆ. ಇಪ್ಪತ್ತೈದು ಸಾವಿರದ ಹತ್ತಿರ ಬಿತ್ತು. ತಿಂಗಳಿಗೆ 300 ಜಾಸ್ತಿ ಕೊಡ್ತಾರೆ, ಚೌಕಾಸಿ ಇಲ್ಲದೆ. ವರ್ಕ್ ಫ್ರಮ್ ಹೋಮ್‌ನವರಿಗೆ ಕರೆಂಟೇ ತಲೆನೋವು. 1,300ರ ಮಿನಿ ಯುಪಿಎಸ್ ತರಿಸಿ ಅಸಲಿಗೇ ಕೊಟ್ಟೆ. ಕೆಂಪುಕಲ್ಲಿನ ಹಳೆ ಮನೆಗಳಲ್ಲಿ ಎರಡು ಗೋಡೆ ದಾಟಿದರೆ 5 ಗಿಗಾಹರ್ಟ್ಸ್ ವೈಫೈ ಸತ್ತೇ ಹೋಗ್ತದೆ. ಅಲ್ಲಿಗೆ ಒಂದು ಕೇಬಲ್, ಇನ್ನೊಂದು ಆಕ್ಸೆಸ್ ಪಾಯಿಂಟ್.

ನನಗೆ ಆಶ್ಚರ್ಯ ಆದದ್ದು ರಿಪೇರಿ ವಿಷಯ. 2006ರ ಟ್ರಾಯ್ (ದೇಶದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮದಲ್ಲಿ ಮುಂದಿನ ಕೆಲಸದ ದಿನದೊಳಗೆ ಶೇಕಡಾ 90ಕ್ಕಿಂತ ಹೆಚ್ಚು ದೂರು ಸರಿಯಾಗಬೇಕು ಅಂತ ಇತ್ತು. ನಮ್ಮದು ಅದಕ್ಕಿಂತ ಚೆನ್ನಾಗಿಯೇ ಇತ್ತು, ಆದರೂ ಬೈಗುಳ. ಪುಸ್ತಕ ನೋಡಿದರೆ, ನೆಟ್ ಹೋದದ್ದಕ್ಕಿಂತ ಯಾವಾಗ ಬರ್ತದೆ ಅಂತ ತಿಳಿಯದ್ದಕ್ಕೆ ಸಿಟ್ಟು ಜಾಸ್ತಿ. ಅಡಿಕೆ ಮರ ಬಿದ್ದು ಫೈಬರ್ ತುಂಡಾದರೆ ಈಗ ಮೊದಲು ಎಸ್ಸೆಮ್ಮೆಸ್ ಹೋಗ್ತದೆ, ಆಮೇಲೆ ಫೈಬರ್ ಜೋಡಿಸುವ ಸ್ಪ್ಲೈಸಿಂಗ್ ಮೆಷಿನ್ ಹೊರಡ್ತದೆ. ಆರಕ್ಕೆ ಆಗುವ ಕೆಲಸಕ್ಕೆ ಏಳೂವರೆ ಅಂತ ಬರೆಯುತ್ತೇನೆ. ಆರಕ್ಕೆ ಬಂದಾಗ ಥ್ಯಾಂಕ್ಸ್ ಬರ್ತದೆ.

ಈಗ ಕಾಲ್ ಸಲೀಸಾಗಿ ಸಾಗುವುದಕ್ಕೆಂದೇ 40 ಎಂಬಿಪಿಎಸ್‌ನ "ಕಾಲ್ ಪ್ಲಾನ್" ಮಾಡಿದ್ದೇನೆ. ನೂರು ಎಂಬಿಪಿಎಸ್‌ನ ಪ್ಲಾನಿಗಿಂತ 50 ರೂಪಾಯಿ ಜಾಸ್ತಿ. ಸ್ಪೀಡ್ ಕಮ್ಮಿ, ದರ ಹೆಚ್ಚು, ಆದರೂ ಎಪ್ಪತ್ತು ಮನೆಯವರು ತಾವಾಗಿ ಕೇಳಿ ತೆಗೆದುಕೊಂಡರು. ಗೇಮ್ ಆಡುವ ಹುಡುಗರನ್ನು ಮಾತ್ರ ಇನ್ನೂ ಸಮಾಧಾನ ಮಾಡಲಾಗಿಲ್ಲ. ಅವರ ಸರ್ವರ್ ಎಲ್ಲೋ ಸಿಂಗಾಪುರದಲ್ಲಿರ್ತದೆ, ನನ್ನ ಕ್ಯೂ ಅಲ್ಲಿ ತನಕ ಹೋಗುವುದಿಲ್ಲ. ಅವರಿಗೆ ಬೇರೆ ಅಪ್‌ಸ್ಟ್ರೀಮ್ (ನಮಗೆ ನೆಟ್ ಕೊಡುವ ಮೇಲಿನ ಕಂಪನಿ) ಹಿಡಿದು ನೋಡಬೇಕು ಅಂತಿದ್ದೇನೆ. ತಿಂಗಳಿಗೆ ಎಂಟು ಸಾವಿರ ಕೇಳ್ತಾ ಇದ್ದಾರೆ, ಇನ್ನೂ ಚೌಕಾಸಿ ನಡೀತಾ ಉಂಟು.