ತೊಗರಿ ರೇಟಿನ ಸೈಟ್: ಉಲ್ಟಾ ಶುರು ಮಾಡಿ ಸರಿ ಮಾಡಿಕೊಂಡದ್ದು

ಈ ಸಲದ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಭಜ್ಜಿ ನೆಮ್ಮದಿಯಾಗಿ ಉಂಡೆ. ನನ್ನ ತೊಗರಿ ರೇಟಿನ ವೆಬ್‌ಸೈಟ್ ಬೀಳಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಹಬ್ಬದ ದಿನ ಬದುವಿನ ಮೇಲೆ ನಿಂತು, ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ಸರ್ವರ್ ರೀಸ್ಟಾರ್ಟ್ ಮಾಡುತ್ತಿದ್ದೆ. ಉಣ್ಣಲು ಕರೆದು ಕರೆದು ಮನೆಯವರಿಗೆ ಸಾಕಾಗಿತ್ತು.

ನನ್ನದು ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಸಂಜೆ ಎಪಿಎಂಸಿಯ ತೊಗರಿ ರೇಟ್ ಸೈಟಿಗೆ ಹಾಕುತ್ತೇನೆ. ವರ್ಷದ ಒಂಬತ್ತು ತಿಂಗಳು ನಾಯಿಯೂ ಮೂಸುವುದಿಲ್ಲ. ರಾಶಿ ಶುರುವಾದರೆ ಮಾತ್ರ ಸಂಜೆ 7ಕ್ಕೆ ಎಲ್ಲರೂ ಒಟ್ಟಿಗೆ ಬರುತ್ತಾರೆ.

ಮೊದಲು ಜಂಬದಿಂದ ಸೀದಾ ವಿಪಿಎಸ್ ತಗೊಂಡೆ, ಅಂದರೆ ಎಲ್ಲ ನಾವೇ ನೋಡಿಕೊಳ್ಳಬೇಕಾದ ಬಾಡಿಗೆ ಸರ್ವರ್. 1 ಜಿಬಿ ರ‍್ಯಾಮ್, ತಿಂಗಳಿಗೆ 400 ಚಿಲ್ಲರೆ, ಮೇಲೆ ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್. ಜನ ಬಂದ ಕೂಡಲೇ ರ‍್ಯಾಮ್ ತುಂಬಿ, ಸರ್ವರ್ ನಡೆಸುವ ಲಿನಕ್ಸ್ ರೇಟುಗಳಿದ್ದ ಡೇಟಾಬೇಸನ್ನೇ ಕೊಲ್ಲುತ್ತಿತ್ತು. ಆಗ ಡಿಸ್ಕಿನ ಜಾಗ ಬಳಸಿಕೊಳ್ಳುವ ಸ್ವಾಪ್ ಹಾಕಬೇಕು ಅಂತ ತಿಳಿಯುವಷ್ಟರಲ್ಲಿ ಸುಗ್ಗಿ ಮುಗಿದಿತ್ತು. ಬೇಜಾರಾಗಿ, ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ಗೆ ಹೋದೆ. ಮೊದಲ ವರ್ಷ 1,500ರ ಹತ್ತಿರ, ಎರಡನೇ ವರ್ಷದ ಬಿಲ್ 5,000 ದಾಟಿತು. ಸಿಟ್ಟಿನಲ್ಲಿ ಡೇಟಾಬೇಸ್ ಇಳಿಸಿಕೊಂಡು ಬಂದೆ. ಅದರ ಅಕ್ಷರ ಸಂಕೇತ ಕನ್ನಡ ಹಿಡಿಯದ ಲ್ಯಾಟಿನ್1 ಇದ್ದದ್ದನ್ನು ನೋಡಲೇ ಇಲ್ಲ. ಬೇರೆ ಕಡೆ ಏರಿಸಿದರೆ ಕನ್ನಡವೆಲ್ಲ ಪ್ರಶ್ನೆ ಗುರುತು! ಅಂಕಿಗಳು ಮಾತ್ರ ಉಳಿದಿದ್ದವು. ಒಂದು ವರ್ಷದ ರೇಟ್ ಇದೆ, ಯಾವ ಊರಿನದು ಅಂತ ಗೊತ್ತಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಮನೆಯ ಹಳೇ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿದೆ. ಹೊರಗಿನವರು ನೇರ ತಲುಪುವ ಸ್ವಂತ ಪಬ್ಲಿಕ್ ಐಪಿ ವಿಳಾಸ ಸಿಗದ್ದಕ್ಕೆ, ಬೇರೆ ಸರ್ವರ್ ಮೂಲಕ ಜನರನ್ನು ಒಳಗೆ ತರುವ ಟನಲ್ ಹಾಕಿದೆ, ಅದು ಚೆನ್ನಾಗೇ ನಡೆಯಿತು. ನಮ್ಮ ಏಪ್ರಿಲ್ ಬಿಸಿಲು ನಡೆಯಲು ಬಿಡಲಿಲ್ಲ. ಕರೆಂಟ್ ಹೋಗಿ ಬಂದು ಯುಪಿಎಸ್ ಬ್ಯಾಟರಿ ಉಬ್ಬಿತು. ಆ ಹೊತ್ತಿಗೆ ಒಟ್ಟು 12,000 ಕೈಬಿಟ್ಟಿತ್ತು.

ಕೊನೆಗೆ, ಸರ್ವರ್ ಚಿಂತೆ ಅವರೇ ನೋಡಿಕೊಳ್ಳುವ ಒಂದು ಫ್ರೀ ಪ್ಲಾಟ್‌ಫಾರ್ಮ್‌ಗೆ ಹೋದೆ. ಬೆಂಗಳೂರಲ್ಲಿರುವ ಅಣ್ಣನ ಮಗ ನಕ್ಕ. "ಕಾಕಾ, ಅದ್ರಾಗ ಹೋದ್ರ ಹೊರಗ ಬರ್ಲಾಕ ಆಗಲ್ರಿ" ಅಂದ.

ಆಗುತ್ತದೆ. ಒಳಗೆ ಹೋಗುವ ದಿನವೇ ಹೊರಗೆ ಬರುವ ಬಾಗಿಲು ನೋಡಿಕೊಂಡಿರಬೇಕು, ಅಷ್ಟೇ. ಡೊಮೇನ್, ಅಂದರೆ ಸೈಟಿನ ಹೆಸರು, ಬೇರೆ ಕಡೆ ನನ್ನ ಹೆಸರಲ್ಲೇ ಕೊಂಡೆ, ವರ್ಷಕ್ಕೆ 700ರ ಆಸುಪಾಸು. ಪುಟದ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ ನಾನೇ ಟೈಪ್ ಮಾಡಿದೆ. ಕನ್ನಡದಲ್ಲೇ ಬಿಟ್ಟರೆ ಒಂದೊಂದು ಗುರುತಿಗೂ, ಒತ್ತು ಕೊಂಬು ಸೇರಿ, 9 ಜಾಗ ಬೇಕು. ವರ್ಡ್‌ಪ್ರೆಸ್ ಇಡುವುದೇ 200. ವಿಳಾಸ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಫೋಟೋಗಳ ಮೂಲ ಮನೆಯ ಹಾರ್ಡ್‌ಡಿಸ್ಕಿನಲ್ಲಿ. ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ತೆಗೆದು ಲ್ಯಾಪ್‌ಟಾಪ್‌ನ ವರ್ಡ್‌ಪ್ರೆಸ್‌ಗೆ ಏರಿಸಿ ನೋಡುತ್ತಿದ್ದೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎರಡು ವರ್ಷ ಅಲ್ಲಿದ್ದೆ. ಒಂದು ದಿನವೂ ಬೀಳಲಿಲ್ಲ, ಡೊಮೇನ್ ಬಿಟ್ಟರೆ ಒಂದು ಪೈಸೆ ಖರ್ಚಿಲ್ಲ. ಆದರೆ ಊರುವಾರು ಹಳೇ ರೇಟ್ ಹುಡುಕುವ ವ್ಯವಸ್ಥೆ ಬೇಕು ಅಂತ ಅಡತಿಯವರು ದುಂಬಾಲು ಬಿದ್ದರು. ಅದು ಅಲ್ಲಿ ಆಗುವ ಕೆಲಸವಲ್ಲ. ಆಗ ಹೊರಟೆ. ಹಿಂದಿನ ದಿನ ಡಿಎನ್‌ಎಸ್ ಟಿಟಿಎಲ್, ಅಂದರೆ ಡೊಮೇನಿನ ಹಳೇ ವಿಳಾಸವನ್ನು ಇಂಟರ್ನೆಟ್ ನೆನಪಿಟ್ಟುಕೊಳ್ಳುವ ಅವಧಿ, 300 ಸೆಕೆಂಡಿಗೆ ಇಳಿಸಿದೆ. ರಾತ್ರಿ 11ಕ್ಕೆ ಕೂತು ಬೆಳಗಿನ 3ರೊಳಗೆ ಮುಗಿಸಿದೆ. 400 ಪುಟದಲ್ಲಿ ಆರೇಳು ಲಿಂಕ್ ಮುರಿದವು, ಅಷ್ಟೇ. ಸೈಟಿನ ಸುರಕ್ಷತೆಯ ಎಸ್‌ಎಸ್‌ಎಲ್ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ದು, ಫ್ರೀ. ಆಗ 90 ದಿನದ್ದು, ತಾನೇ ನವೀಕರಿಸಿಕೊಳ್ಳುತ್ತದೆ. ಹಳೇ ಲಿಂಕ್ ಹೊಸದಕ್ಕೆ ಜೋಡಿಸಿದ ಎರಡು ಸಾಲು ಮಾತ್ರ ಇಲ್ಲಿ ಬರೆಯುವುದಿಲ್ಲ. ಸೂಪರ್ ಮಾರ್ಕೆಟ್ ಹತ್ತಿರ ಮಿರ್ಚಿ ಭಜಿ ಕೊಡಿಸಿದವರಿಗೆ ಹೇಳುತ್ತೇನೆ.

ತಮಾಷೆ ಅಂದ್ರೆ, ಈಗಿರುವುದೂ ಅದೇ 1 ಜಿಬಿ ವಿಪಿಎಸ್. ಸ್ವಾಪ್ 2 ಜಿಬಿ ಇದೆ. ರೇಟ್ ಹಾಕಿದ ಕೂಡಲೇ ಮುಖಪುಟ ಮೊದಲೇ ಸಿದ್ಧವಾದ ಬರೀ ಎಚ್‌ಟಿಎಂಎಲ್ ಫೈಲ್ ಆಗಿ ಕೂರುತ್ತದೆ. ಸಾವಿರ ಜನ ಬಂದರೂ ಡೇಟಾಬೇಸ್ ಮಿಸುಕುವುದಿಲ್ಲ. ಡೊಮೇನ್ ಸೇರಿ ವರ್ಷಕ್ಕೆ 6,000 ಆಗಬಹುದು.

ಬೀದರಿನ ದೋಸ್ತ ಒಬ್ಬ ಬಿದರಿ ಹೂದಾನಿ ಮಾರುತ್ತಾನೆ. ಇಪ್ಪತ್ತು ಫೋಟೋ, ಒಂದು ವಾಟ್ಸ್‌ಆ್ಯಪ್ ನಂಬರ್. ಅವನೂ ಸರ್ವರ್ ಬೇಕು ಅಂತ ಹಟ ಹಿಡಿದಿದ್ದ. ಬೇಡಪ್ಪಾ ಅಂದೆ. ಡೊಮೇನ್ ಕೊಡಿಸಿ, ಫ್ರೀ ಪ್ಲಾಟ್‌ಫಾರ್ಮ್‌ನಲ್ಲೇ ಕೂರಿಸಿ ಬಂದಿದ್ದೇನೆ.