ಮೊಬೈಲಿನಲ್ಲಿ ಓದಲಾಗದ ಸಂಘದ ವೆಬ್‌ಸೈಟ್ ಸರಿಯಾದದ್ದು ಹೀಗೆ

ತೀರ್ಥಹಳ್ಳಿ ಕಡೆಯ ನಮ್ಮ ಸೇವಾ ಸಂಘದ ಹಳೆಯ ಸೈಟನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪುಟಗಳೆಲ್ಲ ನುಡಿ, ಬರಹ ತಂತ್ರಾಂಶಗಳ ಕಾಲದ ಆಸ್ಕಿ ಫಾಂಟಿನಲ್ಲಿದ್ದವು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿದ ಫಾಂಟು. ಆ ಫಾಂಟ್ ಇಲ್ಲದ ಫೋನಿಗೆ ಅದು ಕನ್ನಡವೇ ಅಲ್ಲ, ಗೂಗಲ್ ಹುಡುಕಾಟಕ್ಕೂ ಅಲ್ಲ. ಮೊದಲು ಅಷ್ಟನ್ನೂ ಯೂನಿಕೋಡಿಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ವ್ಯವಸ್ಥೆಗೆ, ಪರಿವರ್ತಿಸಿದೆ. ಇಲ್ಲಿ ಅರ್ಕಾವತ್ತನ್ನು ಕಣ್ಣಿಟ್ಟು ನೋಡಲೇಬೇಕು: ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರವೇ ಮೊದಲು. ಕ್ರಮ ತಪ್ಪಿದರೆ ‘ಕಾರ್ಯದರ್ಶಿ’ ಎಂಬ ಪದವೇ ಕೆಡುತ್ತದೆ. ಸದಸ್ಯರ ಹೆಸರುಗಳನ್ನಂತೂ ಒಂದೊಂದಾಗಿ ತಾಳೆ ನೋಡಿದೆ. ಹೆಸರು ತಪ್ಪಾದರೆ ಮನಸ್ಸು ನೋಯುತ್ತದೆ.

ಫಾಂಟ್ ನೋಟೊ ಸ್ಯಾನ್ಸ್ ಕನ್ನಡ, ಲೈನ್-ಹೈಟ್ (ಸಾಲಿನ ಎತ್ತರ) ಅಕ್ಷರದ ಗಾತ್ರದ 1.7 ಪಟ್ಟು. ಅದು 1.2 ಇದ್ದಾಗ ಒತ್ತಕ್ಷರ ಕೆಳಸಾಲಿಗೆ ತಾಗುತ್ತಿತ್ತು. 4 ಎಂಬಿಯ ಫೋಟೋಗಳನ್ನು 1200 ಪಿಕ್ಸೆಲ್ ಅಗಲದ ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿ 150 ಕೆಬಿಯೊಳಗೆ ತಂದೆ. ಮಳೆಗಾಲದಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದರೂ ಪುಟ ತೆರೆಯಬೇಕಲ್ಲ. ಹಳೆಯ ಕೊಂಡಿಗಳಿಗೆ 301 ರೀಡೈರೆಕ್ಟ್ ಹಾಕಿದ್ದೇನೆ, ಒತ್ತಿದವರು ತಾವಾಗಿಯೇ ಹೊಸ ಪುಟಕ್ಕೆ ಹೋಗುತ್ತಾರೆ.