ಕಣದ ಫೋಟೊ ಹಾಕುವ ಮುನ್ನ: ಜಾಲತಾಣದಲ್ಲಿ ಖಾಸಗಿತನ ಕಾಪಾಡಿಕೊಳ್ಳುವುದು ಹೇಗೆ?

ಜನವರಿಯಲ್ಲಿ ಕೊಡಗಿನ ಯಾವ ತೋಟದ ಮನೆಗೆ ಹೋದರೂ ಕಣದ ತುಂಬ ಕಾಫಿ ಹರಡಿರುತ್ತದೆ. ಮಂಜು ಸರಿದು ಬಿಸಿಲು ಬಿದ್ದ ಹೊತ್ತಿನಲ್ಲಿ ಅದರದೊಂದು ಫೋಟೊ ತೆಗೆದು ಫೇಸ್‌ಬುಕ್‌ಗೆ ಹಾಕಬೇಕೆನಿಸುವುದು ಸಹಜ, ನಾನೂ ಹಾಕಿದ್ದೇನೆ. ಕೆಲವು ದಿನ ಕಳೆದು ಅದೇ ಫೋಟೊವನ್ನು ಹಿಗ್ಗಿಸಿ ನೋಡಿದಾಗ ಜೀಪಿನ ನೋಂದಣಿ ಸಂಖ್ಯೆ, ಗೇಟಿನ ಕಂಬದ ಮೇಲಿನ ಮನೆ ಹೆಸರು, ಗೋದಾಮಿನ ಬಾಗಿಲಿಗೆ ಹಾಕಿದ್ದ ಒಂದೇ ಒಂದು ಬೀಗ, ಎಲ್ಲವೂ ಸ್ಪಷ್ಟವಾಗಿ ಕಂಡವು. ಸಾಲದೆಂಬಂತೆ, ‘ನಾಳೆ ಮದುವೆಗೆ ಮೈಸೂರಿಗೆ, ಬರುವುದು ಸೋಮವಾರ’ ಎಂದು ಫೋಟೊದ ಮೇಲೆ ನಾನೇ ಬರೆದಿದ್ದೆ. ಕೂಗಿದರೆ ಪಕ್ಕದ ಮನೆಗೆ ಕೇಳಿಸದಷ್ಟು ದೂರ ದೂರ ಮನೆಗಳಿರುವ ನಮ್ಮಲ್ಲಿ ಕಳ್ಳನಿಗೆ ಇದಕ್ಕಿಂತ ಹೆಚ್ಚಿನ ವಿವರ ಬೇಕಿಲ್ಲ.

ಬಿಡಿಬಿಡಿಯಾಗಿ ನೋಡಿದರೆ ನಿರುಪದ್ರವಿ ಎನಿಸುವ ಸಂಗತಿಗಳನ್ನು ಅಪರಿಚಿತನೊಬ್ಬ ಒಟ್ಟುಗೂಡಿಸಲು ಸಾಧ್ಯವಾಗುವುದೇ ಇಲ್ಲಿನ ನಿಜವಾದ ತೊಂದರೆ. ಆದ್ದರಿಂದ ನಿಮ್ಮ ಖಾತೆಯನ್ನು ಹೊರಗಿನವರ ಕಣ್ಣಿನಿಂದ ನೋಡುವುದೇ ಮೊದಲ ಕೆಲಸ. ಫೇಸ್‌ಬುಕ್‌ನಲ್ಲಿ ನಿಮ್ಮ ಪ್ರೊಫೈಲ್ ತೆರೆದು, ಮೂರು ಚುಕ್ಕಿಗಳನ್ನು ಒತ್ತಿ ‘ವ್ಯೂ ಆ್ಯಸ್’ ಆರಿಸಿದರೆ ಸ್ನೇಹಿತರಲ್ಲದವರಿಗೆ ಏನೆಲ್ಲ ಕಾಣುತ್ತದೆ ಎಂಬುದು ತಿಳಿಯುತ್ತದೆ. ಹಳೆಯ ಪೋಸ್ಟ್‌ಗಳನ್ನು ಒಂದೊಂದಾಗಿ ಬದಲಿಸುತ್ತ ಕೂರಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಎಂಬುದನ್ನು ಬಳಸಿದರೆ ಈವರೆಗೆ ಸಾರ್ವಜನಿಕವಾಗಿದ್ದವೆಲ್ಲ ಸ್ನೇಹಿತರಿಗೆ ಮಾತ್ರ ಸೀಮಿತವಾಗುತ್ತವೆ.

ಮುಂದಿನದು ಸ್ನೇಹಿತರ ಪಟ್ಟಿ. ಹೆಚ್ಚಿನವರು ಇದನ್ನು ಕಡೆಗಣಿಸುತ್ತಾರೆ. ನಿಮ್ಮ ಹೆಸರು ಮತ್ತು ಫೋಟೊ ಕದ್ದು ನಕಲಿ ಖಾತೆ ತೆರೆಯುವವನು ನಿಮ್ಮ ಸ್ನೇಹಿತರಿಗೆ ‘ತುರ್ತಾಗಿ ಹಣ ಬೇಕಿತ್ತು’ ಎಂದು ಬರೆಯಬೇಕಾದರೆ ಆ ಸ್ನೇಹಿತರು ಯಾರೆಂಬುದು ಅವನಿಗೆ ತಿಳಿಯಬೇಕು. ಪಟ್ಟಿಯನ್ನು ‘ಓನ್ಲಿ ಮಿ’ ಎಂದು ಬದಲಿಸಿದರೆ ಆ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಜೊತೆಗೆ ಪ್ರೊಫೈಲ್ ಲಾಕ್ ಮಾಡಿ. ಹುಟ್ಟಿದ ದಿನ ಕಾಣಿಸಿದರೂ ವರ್ಷ ಕಾಣದಂತೆ ಮಾಡಿ, ಫೋನ್ ಸಂಖ್ಯೆಯನ್ನು ಪೂರ್ತಿಯಾಗಿ ಮರೆಮಾಡಿ.

ಹೆಸರಿನ ವಿಷಯದಲ್ಲಿ ನಮ್ಮ ಜಿಲ್ಲೆಯ ಪರಿಸ್ಥಿತಿ ಸ್ವಲ್ಪ ಬೇರೆ. ಕೊಡವರ ಹೆಸರಿನ ಜೊತೆಗೆ ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬ ಬಳಗದ ಹೆಸರಿರುತ್ತದೆ, ಅರೆಭಾಷೆ ಗೌಡರಲ್ಲಿ ಮನೆತನದ ಹೆಸರಿರುತ್ತದೆ. ಅದನ್ನು ಕೇಳಿದ ಕೂಡಲೇ ಕುಟುಂಬದ ಮೂಲಮನೆಯಾದ ಐನ್‌ಮನೆ ಯಾವ ಊರಿನಲ್ಲಿದೆ ಎಂದು ಹೇಳಬಲ್ಲ ಹಿರಿಯರು ಇಲ್ಲಿ ಪ್ರತಿ ಊರಿನಲ್ಲೂ ಸಿಗುತ್ತಾರೆ. 1997ರಲ್ಲಿ ಕರಡ ಎಂಬ ಊರಿನಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ತಂಡಗಳು ಆಡುವುದೇ ಒಕ್ಕದ ಹೆಸರಿನಲ್ಲಿ. ಅಭಿಮಾನದ ಈ ಹೆಸರನ್ನು ಅಡಗಿಸಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಯಾರೂ ಕೇಳುವುದೂ ಇಲ್ಲ. ಆದರೆ ಇಮೇಲ್ ಅಥವಾ ಬ್ಯಾಂಕ್ ಖಾತೆಯ ಭದ್ರತಾ ಪ್ರಶ್ನೆಗೆ ತಾಯಿಯ ತವರುಮನೆಯ ಹೆಸರನ್ನು ಉತ್ತರವಾಗಿ ಕೊಡಬೇಡಿ. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿ ಊರೆಲ್ಲ ಹಂಚಿಹೋದ ಹೆಸರು ಗುಟ್ಟಾಗಿ ಉಳಿಯುವುದು ಹೇಗೆ? ಆ ಪತ್ರಿಕೆಯನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವಾಗಲೂ ಒಮ್ಮೆ ಯೋಚಿಸಿ, ಏಕೆಂದರೆ ಮನೆಯವರೆಲ್ಲ ಯಾವ ದಿನ ಎಷ್ಟು ಗಂಟೆಗೆ ಯಾವ ಮಂಟಪದಲ್ಲಿ ಇರುತ್ತಾರೆ ಎಂಬುದನ್ನು ಅದು ಸಾರಿ ಹೇಳುತ್ತದೆ.

ಫೋಟೊಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳು ಬೇಕು. ಒಂದು, ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ದಾಖಲಿಸುವ ಆಯ್ಕೆಯನ್ನು ಆಫ್ ಮಾಡುವುದು. ಅದು ಆನ್ ಆಗಿದ್ದರೆ ಫೋಟೊ ತೆಗೆದ ಜಾಗದ ಅಕ್ಷಾಂಶ, ರೇಖಾಂಶಗಳು ಫೋಟೊದೊಳಗೇ ಸೇರಿಕೊಳ್ಳುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳುಹಿಸಿದರೆ ಈ ವಿವರ ಕಳಚಿಹೋಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಹಾಗೆಯೇ ಉಳಿಯುತ್ತದೆ. ಇನ್ನೊಂದು, ಪ್ರವಾಸದ ಫೋಟೊಗಳನ್ನು ಮನೆಗೆ ಮರಳಿದ ಮೇಲೆ ಹಾಕುವುದು. ಮಕ್ಕಳ ಫೋಟೊದಲ್ಲಿ ಶಾಲೆಯ ಸಮವಸ್ತ್ರದ ಲಾಂಛನ ಕಾಣದಿದ್ದರೆ ಒಳ್ಳೆಯದು. ಸೇನೆಯಲ್ಲಿರುವವರ ಮನೆಗಳು ನಮ್ಮಲ್ಲಿ ಬಹಳ. 2020ರ ಜುಲೈಯಲ್ಲಿ ಭಾರತೀಯ ಸೇನೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆದುಹಾಕುವಂತೆ ತನ್ನ ಸಿಬ್ಬಂದಿಗೆ ಸೂಚಿಸಿತ್ತು. ಅವರು ತೆಗೆದುಹಾಕಿದರೂ, ಸಮವಸ್ತ್ರದಲ್ಲಿರುವ ಅವರ ಫೋಟೊವನ್ನು ಯೂನಿಟ್ ಹೆಸರು, ಊರಿನ ಹೆಸರು ಸಮೇತ ಮನೆಯವರು ಹಾಕಿದರೆ ಏನು ಬಂತು?

ವಾಟ್ಸ್‌ಆ್ಯಪ್‌ನಲ್ಲಿ ‘ಪ್ರೈವಸಿ’ ತೆರೆದು ಪ್ರೊಫೈಲ್ ಫೋಟೊ, ಲಾಸ್ಟ್ ಸೀನ್ ಮತ್ತು ಗ್ರೂಪ್ಸ್ ಮೂರನ್ನೂ ‘ಮೈ ಕಾಂಟ್ಯಾಕ್ಟ್ಸ್’ಗೆ ಬದಲಿಸಿ. ಗ್ರೂಪ್ಸ್ ಆಯ್ಕೆ ಬದಲಾದರೆ ಅಪರಿಚಿತರು ನಿಮ್ಮನ್ನು ಷೇರು ವ್ಯವಹಾರದ ಗುಂಪುಗಳಿಗೆ ನೇರವಾಗಿ ಸೇರಿಸಲಾಗದು. ಅನಂತರ ‘ಅಕೌಂಟ್’ ವಿಭಾಗದಲ್ಲಿ ‘ಟು-ಸ್ಟೆಪ್ ವೆರಿಫಿಕೇಶನ್’ ಆನ್ ಮಾಡಿ, ಆರು ಅಂಕಿಗಳ ಪಿನ್ ಇಟ್ಟುಕೊಳ್ಳಿ. ಒಟಿಪಿ ಕೈತಪ್ಪಿದರೂ ಪಿನ್ ಇಲ್ಲದೆ ನಿಮ್ಮ ಖಾತೆಯನ್ನು ಇನ್ನೊಂದು ಫೋನಿನಲ್ಲಿ ತೆರೆಯಲು ಬಿಡದಿರುವುದೇ ಅದರ ಕೆಲಸ.

ನಿಮ್ಮ ಖಾತೆ ಬೇರೆ ಯಾವ ಸಾಧನಗಳಲ್ಲಿ ತೆರೆದಿದೆ ಎಂದು ತೋರಿಸುವ, ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ಎಂಬುದನ್ನು ಈಗಲೇ ತೆರೆದು ನೋಡಿ. ಪಹಣಿಯನ್ನೋ ಆಧಾರ್ ಕಾರ್ಡನ್ನೋ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸ್‌ಆ್ಯಪ್ ತೆರೆದು, ಬಸ್ಸಿಗೆ ಹೊತ್ತಾಯಿತೆಂದು ಲಾಗ್ ಔಟ್ ಮಾಡದೆ ಓಡಿಬಂದಿದ್ದರೆ ಆ ಕಂಪ್ಯೂಟರ್ ಇನ್ನೂ ಪಟ್ಟಿಯಲ್ಲಿ ಇದ್ದೀತು. ಅಂಗಡಿಯವರು ಒಳ್ಳೆಯವರೇ ಇರಬಹುದು. ಅವರ ನಂತರ ಆ ಕುರ್ಚಿಯಲ್ಲಿ ಕೂರುವವರೆಲ್ಲ ಹಾಗೆಯೇ ಇರುತ್ತಾರೆಂದು ಹೇಳಲಾಗದು. ಪಟ್ಟಿಯಲ್ಲಿ ಆ ಕಂಪ್ಯೂಟರಿನ ಹೆಸರಿನ ಮೇಲೆ ಒತ್ತಿ ಅಲ್ಲಿಂದಲೇ ಲಾಗ್ ಔಟ್ ಮಾಡಿ.

ಹೋಂಸ್ಟೇ ನಡೆಸುವವರು ಬೇರೆಯವರ ಖಾಸಗಿತನಕ್ಕೂ ಹೊಣೆಗಾರರು. ಅತಿಥಿಗಳು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಗುರುತಿನ ಚೀಟಿಗಳು ಫೋನಿನ ಗ್ಯಾಲರಿಯಲ್ಲಿ ವರ್ಷಗಟ್ಟಲೆ ಬಿದ್ದಿರಬಾರದು. ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ‘ಮಾಸ್ಕ್ಡ್ ಆಧಾರ್’ ಸಾಕಾಗುವ ಕಡೆ ಅದನ್ನೇ ಕೇಳಿ ಪಡೆಯಿರಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿದ್ದು ಆಧಾರ್ ಪ್ರಶ್ನಿಸಿದ ಪ್ರಕರಣದಲ್ಲಿಯೇ. ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ಇಷ್ಟಾದರೂ ನಿಮ್ಮ ಹೆಸರಿನಲ್ಲಿ ನಕಲಿ ಖಾತೆ ಕಂಡುಬಂದರೆ ಮೊದಲು ಅದರ ಲಿಂಕ್ ಮತ್ತು ಸ್ಕ್ರೀನ್‌ಶಾಟ್ ಉಳಿಸಿಕೊಳ್ಳಿ, ಆಮೇಲೆ ಅದನ್ನು ರಿಪೋರ್ಟ್ ಮಾಡಿ. ಖಾತೆ ಅಳಿಸಿಹೋದರೆ ದೂರಿಗೆ ಸಾಕ್ಷ್ಯವೂ ಹೋಗುತ್ತದೆ. ಯಾರಾದರೂ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಉಳಿದ ದೂರುಗಳನ್ನು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ಕೊಡಬಹುದು. ಕುಟುಂಬದ ಗುಂಪಿನಲ್ಲಿ ‘ನನ್ನ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ’ ಎಂದು ಹಾಕಿ ಸುಮ್ಮನಾಗಬೇಡಿ. ನೂರಾರು ಶುಭೋದಯಗಳ ನಡುವೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೇಳಿದ ಕೂಡಲೇ ಹಣ ಕಳುಹಿಸುವ ಚಿಕ್ಕಪ್ಪ, ಅತ್ತೆಯಂದಿರು ಯಾರೆಂದು ನಿಮಗೆ ಗೊತ್ತಿರುತ್ತದೆ. ಅವರಿಗೆ ಫೋನ್ ಮಾಡಿಯೇ ಹೇಳಿ.